ಇಂದುಮತಿ ಮೇಡಂ ಪಕ್ಕದ ಗಿಡ್ಡ ಸ್ಟೂಲು

ನನ್ನ ಎತ್ತರ ಒಂದು ಗೇಣು, ನಾಲ್ಕು ಬೆರಳು. ಅಷ್ಟೇ. ಕುರ್ಚಿಗಳ ನಡುವೆ ನಿಂತರೆ, ನಿಂತವರ ಗುಂಪಿನಲ್ಲಿ ಕುಕ್ಕರುಗಾಲಲ್ಲಿ ಕೂತ ಮುದುಕಿಯಂತೆ ಕಾಣುತ್ತೇನೆ. ನಾನೊಂದು ಸ್ಟೂಲು, ಅದೂ ಗಿಡ್ಡ ಸ್ಟೂಲು. ನನ್ನ ಬಾಳಿನಲ್ಲಿ ಆದದ್ದೆಲ್ಲ ಈ ಗಿಡ್ಡತನದಿಂದಲೇ ಆಯಿತು. ಹಾಗಾಗಿ ಕಥೆಯನ್ನೂ ಅಲ್ಲಿಂದಲೇ ತೊಡಗುತ್ತೇನೆ.

ಹುಟ್ಟಿದ್ದು ವಿಶ್ವವಿದ್ಯಾಲಯದ ಹಿಂಬದಿಯ ಬಡಗಿ ಶೆಡ್ಡಿನಲ್ಲಿ. ಆ ವರ್ಷ ಹೊಸ ಸಭಾಂಗಣಕ್ಕೆಂದು ಭಾಷಣ ಮಾಡುವವರು ನಿಲ್ಲುವ ಆರು ಪೀಠಗಳನ್ನು ಮಾಡಿದ್ದರು. ಉಳಿದ ಸಾಗವಾನಿ ತುಂಡುಗಳನ್ನು ಒಲೆಗೆ ಹಾಕಲು ಬಡಗಿ ಮೌಲಾಸಾಬನಿಗೆ ಮನಸ್ಸು ಬರಲಿಲ್ಲ. ಮೂರು ಕಾಲಿಗೆ ಒಳ್ಳೆಯ ಉದ್ದದ ತುಂಡುಗಳು ಸಿಕ್ಕವು. ನಾಲ್ಕನೆಯದಕ್ಕೆ ಸಿಕ್ಕಿದ್ದು ಮೋಟು. ಆ ಮೋಟಿನ ಅಳತೆಗೇ ಉಳಿದ ಮೂರನ್ನೂ ಕೊಯ್ದ. ಜೊತೆಗಿದ್ದವನು ನೋಡಿ ನಕ್ಕ.

"ಎತ್ತರದಾಗ ನಿಂತು ಮಾತಾಡವ್ರಿಗೆ ಆರು ಮಾಡೇನಿ. ಕೆಳಗ ಕುಂತು ಕೇಳವ್ರಿಗೆ ಒಂದರ ಬ್ಯಾಡೇನು?" ಎಂದ ಮೌಲಾಸಾಬ, ನನ್ನ ಮೈಯನ್ನು ಉಸುಕು ಕಾಗದದಿಂದ ತಿಕ್ಕುತ್ತ.

ನನ್ನ ಹೊಟ್ಟೆಯ ಕೆಳಗೆ ಬಿಳಿ ಬಣ್ಣದಲ್ಲಿ ಒಂದು ಸಂಖ್ಯೆ ಬರೆದು ಸಮಾಜಶಾಸ್ತ್ರ ವಿಭಾಗಕ್ಕೆ ಕಳಿಸಿದರು. ಅಲ್ಲಿ ಮುಖ್ಯಸ್ಥರ ಕೋಣೆಯ ಹೊರಗೆ, ಪಡಸಾಲೆಯಲ್ಲಿ, ಅಟೆಂಡರ್ ದ್ಯಾಮವ್ವನಿಗೆಂದು ಇಟ್ಟರು. ದ್ಯಾಮವ್ವ ದಪ್ಪ ಹೆಂಗಸು. ಒಂದು ಸಲ ಕೂತು, "ಯವ್ವಾ, ಇದರ ಮ್ಯಾಲ ಕುಂತ್ರ ಏಳಾಕ ನಾಕು ಮಂದಿ ಬೇಕು," ಎಂದು ಎದ್ದವಳು ಮತ್ತೆ ಕೂರಲಿಲ್ಲ. ಹಾಗೆ ನಾನು ಕಾಯುವವರ ಪಾಲಾದೆ.

ಕಾಯುವವರೆಂದರೆ ವಿದ್ಯಾರ್ಥಿಗಳು. ಬರೆದ ಅಧ್ಯಾಯವನ್ನು ಎದೆಗೆ ಅವಚಿಕೊಂಡು ಬರುತ್ತಿದ್ದರು. ಮುಖ್ಯಸ್ಥರಾದ ಹಾಲಭಾವಿ ಸರ್ ಕೆಟ್ಟವರಲ್ಲ. ಯಾರನ್ನೂ ಗದರಿಸಿದ್ದನ್ನು ನಾನು ಕೇಳಿಲ್ಲ. "ಇಟ್ಟು ಹೋಗವ್ವಾ, ನೋಡತೀನಿ," ಎನ್ನುತ್ತಿದ್ದರು. ಆ ಮಾತು ಎಷ್ಟು ಮೃದುವಾಗಿರುತ್ತಿತ್ತೆಂದರೆ, ಹುಡುಗಿಯರು ನಗುತ್ತ ಹೊರಬರುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಕಾಗದದ ರಾಶಿ ಬೆಳೆಯುತ್ತಿತ್ತು. ಒಂದು ತಿಂಗಳಿಗೆ ಬಂದು ಕೇಳಿದರೆ ಅದೇ ಮಾತು, ಆರು ತಿಂಗಳಿಗೂ ಅದೇ. ಹಾಲಭಾವಿ ಸರ್ ಬರೆದ ಪ್ರಬಂಧವನ್ನು ಅವರ ಗುರುಗಳೂ ಬೈಂಡ್ ಆದ ಮೇಲೆಯೇ ಮೊದಲ ಸಲ ನೋಡಿದ್ದಂತೆ. ಅದನ್ನು ಅವರು ಒಂದು ತಮಾಷೆಯ ಸಂಗತಿಯೆಂಬಂತೆ ಹೇಳುತ್ತಿದ್ದರು.

ಸುಮಂಗಲಾ ಎಂಬ ಸಂಶೋಧನಾ ವಿದ್ಯಾರ್ಥಿನಿ ತನ್ನ ಎರಡನೆಯ ಅಧ್ಯಾಯ ಕೊಟ್ಟು ಹದಿನಾಲ್ಕು ತಿಂಗಳು ಓಡಾಡಿದಳು. ಮೊದಲು ಬಂದಾಗ ನನ್ನ ಮೇಲೆ ಹಕ್ಕಿಯಂತೆ ಕೂತಿದ್ದಳು. ಬರುಬರುತ್ತ ಬಸಿರಿನ ಭಾರದಲ್ಲಿ ಕೂತಳು, ಆಮೇಲೆ ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ಕೂತಳು. ಕೊನೆಗೊಂದು ದಿನ ಕಾಗದಗಳು ಮರಳಿ ಬಂದವು. ಮೇಲೆ 'ಪರವಾಗಿಲ್ಲ' ಎಂಬ ಒಂದು ಮಾತು ಮತ್ತು ಸಹಿ. ಅವಳು ನನ್ನ ಮೇಲೆ ಕೂತು ಒಂದೊಂದೇ ಪುಟ ತಿರುವಿದಳು. ನಲವತ್ತೊಂದನೆಯ ಪುಟದಲ್ಲಿ ನಿಂತಳು.

"ದ್ಯಾಮಕ್ಕ, ಇಲ್ಲಿ ನೋಡ್ರಿ, ಚಹಾದ ಕಪ್ಪಿನ ಗುರುತು. ಇಲ್ಲೀತನಕರ ಓದ್ಯಾರ ಅನಸ್ತೈತಿ," ಎಂದಳು.

ದ್ಯಾಮವ್ವ ಮುಖ ಆ ಕಡೆ ತಿರುಗಿಸಿಕೊಂಡಳು. ಆ ಕಪ್ಪನ್ನು ಕಾಗದಗಳ ಮೇಲೆ ಇಟ್ಟವಳು ತಾನೇ ಎಂಬುದನ್ನು ಅವಳು ಹೇಳಲಿಲ್ಲ. ಸುಮಂಗಲಾ ಮೂರನೆಯ ಅಧ್ಯಾಯ ತರಲಿಲ್ಲ.

ಹಾಲಭಾವಿ ಸರ್ ನಿವೃತ್ತರಾದರು. ಕೋಣೆಗೆ ಸುಣ್ಣ ಹೊಡೆದಾಗ ನನ್ನನ್ನು ಮುರಿದ ಫ್ಯಾನುಗಳ ಜೊತೆ ದಾಸ್ತಾನು ಕೋಣೆಗೆ ಹಾಕಿದರು. ಎರಡು ವರ್ಷ ಅಲ್ಲಿದ್ದೆ. ಯಾರೂ ಕೂರದ ಸ್ಟೂಲಿಗೆ ತಾನು ಸ್ಟೂಲೆಂಬುದೇ ಮರೆತುಹೋಗುತ್ತದೆ.

ಅಲ್ಲಿಂದ ನನ್ನನ್ನು ಹೊರಗೆ ತಂದವರು ಇಂದುಮತಿ ಮುದೇನೂರ. ಹೊಸದಾಗಿ ಬಂದ ಅಧ್ಯಾಪಕಿ. ವಯಸ್ಸು ನಲವತ್ತಾರು. ಗಂಡ ಬ್ಯಾಂಕಿನಲ್ಲಿ, ವರ್ಷಕ್ಕೊಂದು ಊರು. ಮನೆಯಲ್ಲಿ ಇವರು ಮತ್ತು ಎಂಬತ್ತರ ಅತ್ತೆ. ತಮ್ಮ ಬಾಗಿಲ ಹೊರಗೆ ಬಂದವರು ನಿಂತೇ ಇರುವುದನ್ನು ನೋಡಿ, "ಕುಂಡ್ರಾಕ ಏನರ ಐತೇನು ದ್ಯಾಮವ್ವ?" ಎಂದು ಕೇಳಿದ್ದರು. ಹಾಗೆ ಮತ್ತೆ ಪಡಸಾಲೆಗೆ ಬಂದೆ. ಆದರೆ ಈ ಬಾಗಿಲ ಹೊರಗೆ ಯಾರೂ ಬಹಳ ಹೊತ್ತು ಕೂರುತ್ತಿರಲಿಲ್ಲ.

ಇಂದುಮತಿ ಮೇಡಂ ಕಾಗದ ಇಸಿದುಕೊಳ್ಳುವಾಗಲೇ ದಿನ ಹೇಳುತ್ತಿದ್ದರು. "ಇವತ್ತ ಸೋಮವಾರ. ಬರೂ ಸೋಮವಾರ ಬಾ." ಸೋಮವಾರಕ್ಕೆ ಕಾಗದ ಸಿಗುತ್ತಿತ್ತು. ದ್ಯಾಮವ್ವನಿಗೆ ಇದೊಂದು ಸೋಜಿಗ.

"ಯಾಕ್ರಿ ಮ್ಯಾಡಂ, ಅಷ್ಟ್ಯಾಕ ಅವಸರಾ ಮಾಡ್ತೀರಿ? ಊಟಾನೂ ಮಾಡವಲ್ರಿ."

"ಒಬ್ಬರು ಬರದ ಹಾಳಿ ನನ್ನ ಕೈಯಾಗ ಕೊಟ್ರಂದ್ರ, ಒಲಿ ಮ್ಯಾಲ ಹಾಲು ಇಟ್ಟಂಗ ಅನಸ್ತೈತಿ ದ್ಯಾಮವ್ವ. ಆ ಕಡೆ ಈ ಕಡೆ ಹೋಗಾಕ ಮನಸ್ಸ ಆಗೂದಿಲ್ಲ."

ಅವರು ಬರೆಯುತ್ತಿದ್ದುದು ಪೆನ್ಸಿಲಿನಲ್ಲಿ. ಅದಕ್ಕೂ ಒಂದು ಕಾರಣವಿತ್ತು. ಮಳೆ ಹಿಡಿದು ಯಾರೂ ಬಾರದ ಒಂದು ಮಧ್ಯಾಹ್ನ ಅದನ್ನು ದ್ಯಾಮವ್ವನಿಗೆ ಹೇಳಿದರು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೇರೊಂದು ಊರಿನ ಕಾಲೇಜಿನಲ್ಲಿ, ಕಸ್ತೂರಿ ಎಂಬ ಹುಡುಗಿಯ ಪ್ರಬಂಧದ ಮೇಲೆ ಕೆಂಪು ಪೆನ್ನಿನಲ್ಲಿ 'ಇದು ನಿಮ್ಮಿಂದ ಆಗುವ ಕೆಲಸವಲ್ಲ' ಎಂದು ಬರೆದಿದ್ದರಂತೆ. ಸಿಟ್ಟಿನಲ್ಲೇನೂ ಅಲ್ಲ, ದಣಿವಿನಲ್ಲಿ. ಅದು ಆ ದಿನದ ಮೂವತ್ತೆಂಟನೆಯ ಪ್ರಬಂಧವಂತೆ. ಕಸ್ತೂರಿ ಮಾರನೆಯ ದಿನದಿಂದ ಬರಲಿಲ್ಲ.

"ಬರದ ಮಾತು ಆಡಿದ ಮಾತಿನಂಗಲ್ಲ. ಅಲ್ಲೇ ಕುಂತಿರ್ತೈತಿ," ಎಂದರು ಮೇಡಂ. "ಅವತ್ತಿಂದ ಪೆನ್ಸಿಲು. ಪೆನ್ಸಿಲಿನ ಮಾತು ಕೇಳಬೇಕಂದ್ರ ಕೇಳಬಹುದು, ಬ್ಯಾಡಂದ್ರ ಬಿಡಬಹುದು."

ಇದನ್ನು ನೆನಪಿಡಿ. ಮುಂದಿನ ತಪ್ಪು ಈ ಒಳ್ಳೆಯತನದಿಂದಲೇ ಆದದ್ದು.

ಹುಲಿಗೆಮ್ಮ ಎಂ.ಎ. ಕೊನೆಯ ವರ್ಷದ ಹುಡುಗಿ. ಅವಳ ತಾಯಿ ಹನುಮವ್ವ ಇದೇ ಊರಿನ ಒಂದು ರೊಟ್ಟಿ ಕೇಂದ್ರದಲ್ಲಿ ದಿನಕ್ಕೆ ಮುನ್ನೂರು ಖಡಕ್ ರೊಟ್ಟಿ ಬಡಿಯುವವಳು. ಮನೆ ಒಂದೇ ಖೋಲಿಯದು. ಓದಲು ಜಾಗ ಸಿಗಲೆಂದು ಮಗಳು ಹಾಸ್ಟೆಲ್ಲಿನಲ್ಲಿದ್ದಳು. ಆ ಸೀಟು ಎರಡೇ ವರ್ಷದ್ದು. ಕೊನೆಯ ಸೆಮಿಸ್ಟರಿಗೆ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ಅದು ಆದರೆ ಎಂ.ಎ. ಆಗುತ್ತದೆ, ಆಗದಿದ್ದರೆ ಇಲ್ಲ. ಇನ್ನೊಂದು ವರ್ಷ ಉಳಿದು ಬರೆಯಲು ಅವಳಿಗೆ ಜಾಗವಿರಲಿಲ್ಲ. ಅವಳಿಗೂ ಅದು ಗೊತ್ತು, ಮೇಡಂಗೂ ಗೊತ್ತು. ರೊಟ್ಟಿ ಮಾಡುವ ಹೆಂಗಸರ ಬಗ್ಗೆಯೇ ಬರೆ ಎಂದಿದ್ದರು ಮೇಡಂ.

ಅವಳು ಮೊದಲ ಕರಡು ತಂದ ದಿನ ನನ್ನ ತುದಿಯಲ್ಲಿ ಕೂತಳು. ಅರ್ಧ ಮೈಭಾರ ಮಾತ್ರ ನನ್ನ ಮೇಲೆ, ಉಳಿದರ್ಧ ಅವಳ ಪಾದಗಳ ಮೇಲೆ, ಯಾರಾದರೂ ಏಳು ಎಂದರೆ ಥಟ್ಟನೆ ಏಳಲು. ಎಷ್ಟೋ ಹೆಣ್ಣುಮಕ್ಕಳು ಹೀಗೇ ಕೂರುತ್ತಾರೆ. ಬಸ್ಸಿನಲ್ಲಿ, ದವಾಖಾನೆಯಲ್ಲಿ, ಬೀಗರ ಮನೆಯಲ್ಲೂ ಹೀಗೇ ಕೂರುತ್ತಾರೆಂದು ನನ್ನ ಅನುಮಾನ.

ಸೋಮವಾರ ಕಾಗದ ಸಿದ್ಧವಿತ್ತು. ಆದರೆ ಅಂದು ಮೇಡಂ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಬೇರೆ ಊರಿಗೆ ಹೋಗಬೇಕಾಯಿತು. ಲಕೋಟೆಯನ್ನು ದ್ಯಾಮವ್ವನ ಕೈಯಲ್ಲಿ ಕೊಟ್ಟು ಹೋದರು. ಹುಲಿಗೆಮ್ಮ ಬಂದಳು, ನನ್ನ ಮೇಲೆ ಕೂತು ಲಕೋಟೆ ತೆರೆದಳು.

ಮೊದಲ ಪುಟದಲ್ಲಿ ಪೆನ್ಸಿಲು. ಎರಡನೆಯದರಲ್ಲಿ ಪೆನ್ಸಿಲು. ಅಂಚಿನಲ್ಲಿ, ಸಾಲುಗಳ ನಡುವೆ, ಕೆಳಗೆ ಅಡಿಗೆರೆ, ಬಾಣದ ಗುರುತು, ಪ್ರಶ್ನೆಯ ಗುರುತು. ಅವಳ ತೊಡೆಗಳು ಬಿಗಿದದ್ದು ನನಗೆ ತಿಳಿಯಿತು. ಅರ್ಧದಲ್ಲೇ ಕಾಗದ ಮಡಚಿದಳು. ಆಮೇಲೆ ಎದುರಿನ ಅಂಗಡಿಗೆ ಹೋಗಿ ಬಂದಳು. ಮತ್ತೆ ನನ್ನ ಮೇಲೆ ಕೂತು ಮೊದಲ ಪುಟ ಬಿಡಿಸಿ, ತಂದ ರಬ್ಬರಿನಿಂದ ತಿಕ್ಕತೊಡಗಿದಳು.

ಒಂದೂವರೆ ತಾಸು ತಿಕ್ಕಿದಳು. ರಬ್ಬರಿನ ಬೂದು ಎಳೆಗಳು ನನ್ನ ಕಾಲಬುಡದಲ್ಲಿ ಉದುರಿದವು. ದ್ಯಾಮವ್ವ ಕಸಬರಿಗೆ ಹಿಡಿದು ಬಂದಳು.

"ಏನ್ ನಡಸೀಯವ್ವಾ?"

"ತಪ್ಪು ಅಳಸಾಕತ್ತೀನ್ರಿ."

"ಮ್ಯಾಡಂ ಬರದಿದ್ದು ಅಳಸಿದ್ರ ಹೆಂಗ?"

"ಅಳಸಲಿ ಅಂತನ ಪೆನ್ಸಿಲಿಲೆ ಬರದಾರ್ರೀ. ಇಷ್ಟು ತಪ್ಪು ಮಾಡೇನಿ ಅಂತ ಬ್ಯಾರೇದವ್ರಿಗೆ ಕಾಣಬಾರದು ಅಂತ. ಮ್ಯಾಡಂ ಭಾಳ ಚೊಲೋ ಅದಾರ."

ಅವಳು ಕಲಿತ ಶಾಲೆಗಳಲ್ಲಿ ಪುಟದ ಮೇಲೆ ಗುರುತು ಬಿತ್ತೆಂದರೆ ಅದಕ್ಕೆ ಒಂದೇ ಅರ್ಥ. ಓದಿ ನೋಡಬೇಕಾದ್ದೇನೂ ಅದರಲ್ಲಿ ಇರುತ್ತಿರಲಿಲ್ಲ. ಹಾಗೆಂದು ಅವಳು ಪೂರ್ತಿ ಕಣ್ಣು ಮುಚ್ಚಿಯೂ ಅಳಿಸಲಿಲ್ಲ. ಯಾವ ಪುಟದಲ್ಲಿ ಗುರುತು ಹೆಚ್ಚಿದೆಯೋ ಆ ಪುಟದ ಮೂಲೆ ಮಡಚಿಟ್ಟುಕೊಂಡಳು. ಅಲ್ಲಿ ತಪ್ಪು ಹೆಚ್ಚು ಎಂದು.

ಹತ್ತು ದಿನ ಬಿಟ್ಟು ಹೊಸ ಪ್ರತಿ ತಂದಳು. ಒಪ್ಪಿಸಲು ಇನ್ನು ಹನ್ನೊಂದೇ ದಿನ ಉಳಿದಿತ್ತು. ಮೇಡಂ ಕೋಣೆಯ ಬಾಗಿಲು ತೆರೆದೇ ಇತ್ತು. ಹುಲಿಗೆಮ್ಮ ಎದುರಿಗೆ ನಿಂತಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೇಡಂ ಪುಟ ತಿರುವುವ ಸದ್ದು ಮೊದಲು ನಿಧಾನವಾಗಿತ್ತು, ಆಮೇಲೆ ಬೇಗವಾಯಿತು, ಆಮೇಲೆ ನಿಂತಿತು.

"ಇದು ಯಾರದು?"

"ನಂದ ರಿ."

"ಹುಲಿಗೆಮ್ಮ."

"... ಮುಂಚಿನ ವರ್ಷದ ಸೀನಿಯರ್‌ದು ನೋಡಿ ಬರದೀನ್ರಿ. ಅವ್ರದು ಪಾಸ್ ಆಗಿತ್ತು."

ಮೇಡಂ ಧ್ವನಿ ಗಟ್ಟಿಯಾಯಿತು. "ಎರಡು ದಿನ ಕುಂತು ನಿಂದು ಓದೀನಿ. ಹಾಳಿ ಹಾಳಿಗೆ ಬರದೀನಿ. ಅದನ್ನೆಲ್ಲಾ ಬಿಟ್ಟು ನಕಲು ಮಾಡ್ಕೊಂಡು ಬಂದೀಯಲ್ಲ, ನಾಚಿಕಿ ಬರೂದಿಲ್ಲೇನು?"

ಮೇಡಂ ಮತ್ತೆ ಒಂದೆರಡು ಪುಟ ತಿರುವಿದರು. ಏನನ್ನೋ ಹುಡುಕುತ್ತಿದ್ದರು. ಮತ್ತೆ ಮಾತಾಡಿದಾಗ ಧ್ವನಿ ಬೇರೆಯಾಗಿತ್ತು.

"ನಿಮ್ಮವ್ವ ಎಲ್ಲಿ?"

"ರೊಟ್ಟಿ ಕೇಂದ್ರದಾಗ ಅದಾಳ್ರಿ."

"ಅಲ್ಲ, ಇದರಾಗ. ಮೊದಲಿನದ್ರಾಗ ನಿಮ್ಮವ್ವ ಇದ್ಲು. ಆಕಿ ಕೈಬಳಿ ವಿಷಯ ಬರದಿದ್ದೆಲ್ಲ. ಅದೆಲ್ಲಿ ಹೋತು?"

"ತಗದೀನ್ರಿ."

"ಯಾಕ?"

"ಅವ್ವನ ಹಾಳಿ ಮ್ಯಾಲನ ಎಲ್ಲಾಕ್ಕಿಂತ ಭಾಳ ಬರದಿದ್ರಿ. ಅದ ದೊಡ್ಡ ತಪ್ಪು ಅಂತ ತಿಳಕೊಂಡೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಸದ್ದು ಕೇಳಿತು.

"ನಾ ಏನು ಬರದೀನಿ ಅಂತ ಓದಲಿಲ್ಲೇನು?"

"ಓದಾಕ ಧೈರ್ಯಾ ಆಗಲಿಲ್ರಿ. ಅಳಸಿಬಿಟ್ಟೆ."

ಆಗ ಇಂದುಮತಿ ಮೇಡಂ ಎದ್ದು ಹೊರಗೆ ಬಂದರು. ದ್ಯಾಮವ್ವನನ್ನು ಕರೆಯಲಿಲ್ಲ. ತಾವೇ ಬಗ್ಗಿ ನನ್ನನ್ನು ಎತ್ತಿಕೊಂಡು ಒಳಗೆ ಹೋದರು. ಮೇಜಿನ ಆಚೆ ಇಡಲಿಲ್ಲ. ತಮ್ಮ ಕುರ್ಚಿಯ ಬಲಕ್ಕೆ, ಕಿಟಕಿಯ ಕಡೆ, ತಮ್ಮದೇ ಬದಿಯಲ್ಲಿ ಇಟ್ಟರು.

"ಇಲ್ಲಿ ಕುಂಡ್ರು."

ಮೇಡಂ ಪಕ್ಕ ಕುರ್ಚಿ ಹಾಕಿದ್ದರೆ ಅವಳು ಕೂರುತ್ತಿರಲಿಲ್ಲ. ಗುರುಗಳ ಸರಿಸಮ ಕೂರುವುದು ಅವಳಿಗೆ ಸಾಧ್ಯವೇ ಇರಲಿಲ್ಲ. ಆದರೆ ನಾನು ಗಿಡ್ಡ. ನನ್ನ ಮೇಲೆ ಕೂತರೆ ಅವಳ ತಲೆ ಮೇಡಂ ಭುಜಕ್ಕಿಂತ ಕೆಳಗೇ ಇರುತ್ತಿತ್ತು. ಅವಳ ಸಂಕೋಚಕ್ಕೂ ಮೇಡಂ ಬಯಕೆಗೂ ಮೌಲಾಸಾಬನ ಆ ಮೋಟು ಕಾಲೇ ದಾರಿ ಮಾಡಿಕೊಟ್ಟಿತು. ಹುಲಿಗೆಮ್ಮ ಕೂತಳು.

"ಹಳೇದು ಐತೇನು?"

ಚೀಲದಲ್ಲಿತ್ತು. ಅಳಿಸಿದ ಪುಟಗಳು ಒರೆಸಿದ ಹಲಗೆಯಂತೆ ಮಾಸಲಾಗಿದ್ದವು. ಮೇಡಂಗೂ ತಾವು ಬರೆದದ್ದೆಲ್ಲ ನೆನಪಿರಲಿಲ್ಲ. ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅವರು ಒತ್ತಿ ಬರೆಯುವವರು. ಸೀಸ ಹೋಗಿದ್ದರೂ ಕೈಯ ಒತ್ತು ಕಾಗದದಲ್ಲಿ ಉಳಿದಿತ್ತು. ಒಂದೊಂದೇ ಅಕ್ಷರ ಮೇಲೆದ್ದು ಬಂದಿತು. ಇಬ್ಬರೂ ತಲೆ ಹತ್ತಿರ ತಂದರು.

"ನೀನ ಓದು," ಎಂದರು ಮೇಡಂ.

"'ಈ ವಾಕ್ಯ ಪುಸ್ತಕದ್ದು. ನಿಮ್ಮ ಮಾತಿನಲ್ಲಿ ಹೇಳಿ.'"

"ಹೂಂ. ಅದು ಖರೆನ ಐತಿ. ಮುಂದ?"

"'ಎಷ್ಟು ಜನರನ್ನು ಕೇಳಿದಿರಿ? ಎಲ್ಲಿ, ಯಾವಾಗ? ಹೇಳದಿದ್ದರೆ ಓದುವವರು ಹೇಗೆ ನಂಬಬೇಕು?'"

"ಅದೂ ಖರೆನ. ತಪ್ಪು ಇಲ್ಲ ಅಂತ ನಾ ಹೇಳೂದಿಲ್ಲ, ಭಾಳ ಅದಾವು. ಈಗ ಆ ಮೂಲಿ ಮಡಚಿದ್ದು ತಗಿ."

ಹುಲಿಗೆಮ್ಮ ಆ ಪುಟ ಎತ್ತಿ ಹಿಡಿದಳು. ಅದರಲ್ಲಿ ಅವಳೇ ಬರೆದ ಸಾಲು ಹೀಗಿತ್ತು: 'ನನ್ನ ತಾಯಿಯ ಎಡಗೈಗೆ ಎರಡು-ಆರರ ಬಳೆ ಆಗುತ್ತದೆ. ಬಲಗೈಗೆ ಎರಡು-ಎಂಟು ಬೇಕು. ರೊಟ್ಟಿ ಬಡಿದು ಬಡಿದು ಬಲಗೈ ದಪ್ಪವಾಗಿದೆ.' ಅದರ ಸುತ್ತ ಅಳಿಸಿದ ಪೆನ್ಸಿಲು ದಟ್ಟವಾಗಿತ್ತು. ಅವಳು ಓದತೊಡಗಿದಳು.

"'ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಇದು ನೀವು ಕಂಡದ್ದು. ಇಲ್ಲಿಂದಲೇ ಶುರುಮಾಡಿ. ಬೇರೆ ಹೆಂಗಸರ ಬಳೆಯ ಅಳತೆಯನ್ನೂ ಕೇಳಿ. ಎಷ್ಟು ಜನರಿಗೆ ಹೀಗಿದೆ? ಎಷ್ಟು ವರ್ಷದ ದುಡಿಮೆಗೆ? ಇದೇ ನಿಮ್ಮ ಅಧ್ಯಯನ.'"

ಅವಳ ಪೂರ್ತಿ ಭಾರ ಆಗ ನನ್ನ ಮೇಲೆ ಬಂದಿತು. ತುದಿಯಲ್ಲಿ ಕೂತವಳು ಹಿಂದೆ ಸರಿದು ನಡುವಿಗೆ ಕೂತಳು. ಅಳುತ್ತಿದ್ದಳು. ಆದರೆ ಮನುಷ್ಯರು ಹಗುರಾಗಿ ಅಳುವಾಗಲೂ ಭಾರವಾಗಿ ಕೂರುತ್ತಾರೆ, ಇದು ನನಗಷ್ಟೇ ಗೊತ್ತಿರುವ ಸಂಗತಿ.

"ನಂದೂ ತಪ್ಪೈತಿ," ಎಂದರು ಮೇಡಂ. "ಹಾಳಿ ಕೊಟ್ಟ ಮ್ಯಾಲ ಕೆಲಸಾ ಮುಗೀತು ಅನಕೊಂಡಿದ್ದೆ. ಇನ್ನ ಮ್ಯಾಲ ನಾ ಬರಿಯೂದಿಲ್ಲ. ನಾ ಹೇಳತೀನಿ, ನೀ ಬರಕೋ. ನಿನ್ನ ಅಕ್ಷರ ನೀ ಅಳಸೂದಿಲ್ಲ."

"ಹನ್ನೊಂದ ದಿನ ಐತ್ರಿ."

"ಹನ್ನೊಂದು ದಿನ ಐತಲ್ಲ. ಇವತ್ತ ಕೊಟ್ಟಿದ್ದಕ್ಕ ನಾಳೆ ಹೇಳತೀನಿ. ನೀ ಬರೀತಾ ಹೋಗು."

ಹುಲಿಗೆಮ್ಮ ಊರಿನ ಮೂರು ರೊಟ್ಟಿ ಕೇಂದ್ರಗಳಿಗೆ ಹೋದಳು. ಬಳೆಗಾರನ ಅಂಗಡಿಯ ಮುಂದೆ ಕೂತಳು. ಮೂವತ್ತೊಂದು ಹೆಂಗಸರನ್ನು ಕೇಳಿದಳು. ಹತ್ತೊಂಬತ್ತು ಜನ ಎರಡು ಅಳತೆಯ ಬಳೆ ಕೊಳ್ಳುತ್ತಿದ್ದರು. ಅಂಗಡಿಯವ ಡಜನ್ ಒಡೆಯುವುದಿಲ್ಲ ಎಂದಾಗ, ಗೆಳತಿಯರಿಬ್ಬರು ಸೇರಿ ಅಳತೆಗೊಂದರಂತೆ ಎರಡು ಡಜನ್ ಕೊಂಡು ಅಲ್ಲೇ ಹಂಚಿಕೊಳ್ಳುತ್ತಿದ್ದರಂತೆ. ಇದನ್ನು ಅವಳು ಓದಿ ಹೇಳಿದ ದಿನ ಮೇಡಂ ಮೇಜು ತಟ್ಟಿ ನಕ್ಕರು. "ಇದನ್ನ ಯಾಕ ಕೊನೀ ಸಾಲಿನಾಗ ಮುಚ್ಚಿಟ್ಟೀ? ಮುಂದ ತಾ," ಎಂದರು. ಒಮ್ಮೊಮ್ಮೆ ಗದರುತ್ತಲೂ ಇದ್ದರು. "ಈ ಪ್ಯಾರಾ ನಾಕು ಸಲ ಒಂದ ಮಾತು ಹೇಳತೈತಿ. ಮೂರು ಹೊಡಿ." ಹುಲಿಗೆಮ್ಮ ಹೊಡೆದು ಹಾಕುತ್ತಿದ್ದಳು. ಅವಳ ತೊಡೆ ಈಗ ಬಿಗಿಯುತ್ತಿರಲಿಲ್ಲ.

ಏಳನೆಯ ದಿನ ಮೇಡಂ ಬರಲಿಲ್ಲ. ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಹುಲಿಗೆಮ್ಮ ನನ್ನ ಮೇಲೆ ಕೂತು ಖಾಲಿ ಕುರ್ಚಿ ನೋಡುತ್ತಿದ್ದಳು. ಹನ್ನೆರಡು ಗಂಟೆಗೆ ದ್ಯಾಮವ್ವನ ಫೋನು ರಿಂಗಣಿಸಿತು. ದವಾಖಾನೆಯಿಂದ ಮೇಡಂ.

"ಹುಲಿಗೆಮ್ಮ ಅದಾಳೇನು? ಕೊಡು. ಏ, ನಿನ್ನೆ ಕೊಟ್ಟ ಹಾಳಿ ನನ್ನ ಕಡೆ ಅದಾವು. ಬರಕೋ. ಹದಿನೇಳನೇ ಪುಟ..."

ಫೋನಿನಲ್ಲೇ, ಮೇಡಂ ಹಿಂದಿನಿಂದ ಮುದಿ ಧ್ವನಿಯೊಂದು ಕೇಳಿತು. "ಕಾಲು ಮುರದಿದ್ದು ನಂದು. ಪಾಠ ಯಾರಿಗೆ ಹೇಳಾಕತ್ತೀ?"

"ಹುಡುಗಿಗೆ ರೀ ಅತ್ತಿ. ರೊಟ್ಟಿ ಬಗ್ಗೆ ಬರದಾಳ."

"ರೊಟ್ಟಿ ಬಗ್ಗೆ ಏನು ಬರೀತಾಳ? ನನಗೂ ಓದು."

ಮೇಡಂ ಓದಿದರು. ಈ ಕಡೆ ಹುಲಿಗೆಮ್ಮ ನಗು ತಡೆಯಲು ಸೆರಗಿನಂತೆ ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಪೆನ್ನು ಮಾತ್ರ ನಿಲ್ಲಿಸಲಿಲ್ಲ.

ಹತ್ತನೆಯ ದಿನ ಟೈಪಾಗಿ ಬೈಂಡಾಗಿ ಮೂರು ಪ್ರತಿ ಸಿದ್ಧವಾದವು. "ಕೊಡೂಕಿಂತ ಮೊದಲ ನಿಮ್ಮವ್ವಗ ಓದಿ ಹೇಳು," ಎಂದಿದ್ದರು ಮೇಡಂ. ಮಾರನೆಯ ದಿನ, ಒಪ್ಪಿಸುವ ದಿನ, ಮಗಳ ಹಿಂದೆ ಹನುಮವ್ವ ತಾನೇ ಬಂದಳು. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಗಂಟು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತಳು. ಕುರ್ಚಿ ಬೇಡವೆಂದಳು. ನನ್ನನ್ನು ನೋಡಿ, "ಇದು ಒಲಿ ಮುಂದಿನ ಮಣಿ ಇದ್ದಂಗ ಐತಿ, ಇದರ ಮ್ಯಾಲ ಕುಂಡ್ರತೀನಿ," ಎಂದು ಕೂತಳು. ದಿನವಿಡೀ ಕೂತು ದುಡಿಯುವವರ ಕೂರುವಿಕೆಯೇ ಬೇರೆ. ಅಲುಗದಂತೆ, ನೆಲವನ್ನೇ ಹಿಡಿದಂತೆ ಕೂತಳು.

ಹುಲಿಗೆಮ್ಮ ಓದಿದಳು. ಹನುಮವ್ವ ತನ್ನೆರಡೂ ಕೈ ಮುಂದೆ ಚಾಚಿ ನೋಡಿಕೊಳ್ಳುತ್ತ ಕೇಳಿದಳು. ಮುಗಿದ ಮೇಲೆ ಅಂದಳು: "ಎಲ್ಲಾ ಚೊಲೋ ಬರದೀ. ಒಂದು ಮಾತು ಖರೆ ಅಲ್ಲ."

"ಯಾವುದು ಬೇ?"

"ಬಡಿಯೂದ್ರಿಂದ ದಪ್ಪ ಆಗೇತಿ ಅಂದೀ. ಬಡಿಯಾಕ ಎರಡೂ ಕೈ ಆಡತಾವ. ಎಡಗೈ ತಿರುಗಸ್ತೈತಿ, ಬಲಗೈ ಬಡೀತೈತಿ. ಅದರಿಂದ ಅಲ್ಲ. ಹಿಟ್ಟು ನಾದೂದ್ರಿಂದ. ನಾದೂದು ಬಲಗೈ ಒಂದ. ಮುನ್ನೂರು ರೊಟ್ಟಿ ಹಿಟ್ಟು."

ಮೇಡಂ ಹನುಮವ್ವನ ಕೈ ಹಿಡಿದು ಅಂಗೈಯ ಬುಡ ಮುಟ್ಟಿ ನೋಡಿದರು. ಗಟ್ಟಿ ಇದ್ದದ್ದು ಅಲ್ಲೇ, ನಾದುವಾಗ ಊರುವ ಜಾಗದಲ್ಲಿ.

"ನಾನೂ ಇದನ್ನ ಕೇಳಲಿಲ್ಲ ನೋಡ್ರಿ," ಎಂದರು ಮೆಲ್ಲಗೆ. ಆಮೇಲೆ ಮಗಳ ಕಡೆ ತಿರುಗಿ, "ತಿದ್ದು," ಎಂದರು.

ಮೂರೂ ಪ್ರತಿಗಳಲ್ಲಿ 'ಬಡಿದು ಬಡಿದು' ಎಂಬುದನ್ನು ಹೊಡೆದು, ಮೇಲೆ ನೀಲಿ ಶಾಯಿಯಲ್ಲಿ 'ಹಿಟ್ಟು ನಾದಿ' ಎಂದು ಹುಲಿಗೆಮ್ಮ ಬರೆದಳು. ಮೇಡಂ ಪಕ್ಕದಲ್ಲಿ ಸಹಿ ಹಾಕಿದರು. ಅಷ್ಟರಲ್ಲಿ ಪ್ರಬಂಧಗಳನ್ನು ಒಟ್ಟುಮಾಡಲು ಗುಮಾಸ್ತ ವಾಲೀಕಾರ ಪಟ್ಟಿ ಹಿಡಿದು ಬಾಗಿಲಿಗೆ ಬಂದ. ಪುಟ ತಿರುವಿ ನೋಡಿ ಮುಖ ಕಿವುಚಿದ.

"ಇದೇನ್ರಿ ಮ್ಯಾಡಂ, ಕಾಟು ಹೊಡದಾರು? ಪ್ರತಿ ಸ್ವಚ್ಛ ಇರಬೇಕು. ಐದರತನಕ ಟೈಮ್ ಐತಿ. ಹೊಸಾ ಹಾಳಿ ಹಾಕಿಸಿಕೊಂಡು ಬಾ ತಂಗಿ."

ಮೇಡಂ ಬಾಯಿ ತೆರೆದರು. ಆದರೆ ಮಾತಾಡಿದವಳು ಹುಲಿಗೆಮ್ಮ.

"ಇರಲಿರಿ ಅಣ್ಣಾರ. ಅದನ್ನ ತಿದ್ದಿದ್ದು ನಮ್ಮವ್ವ."

"ಗುರುತು ಕಾಣತೈತಲ್ಲವ್ವಾ?"

"ಕಾಣಲಿ ಅಂತನ ಬರದೀನ್ರಿ."

ವಾಲೀಕಾರ ಮೇಡಂ ಕಡೆ ನೋಡಿದ. ಮೇಡಂ ತಲೆಯಾಡಿಸಿದರು. ಅವನು ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿ ಮೂರೂ ಪ್ರತಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಹನುಮವ್ವನಿಗೆ ಇದೆಲ್ಲ ಏನೆಂದು ತಿಳಿಯಲಿಲ್ಲ. "ನಾ ಏನರ ತಪ್ಪು ಮಾಡಿದ್ನೇನ್ರಿ?" ಎಂದು ಕೇಳಿದಳು. ಇಬ್ಬರೂ ನಕ್ಕರು. ನಗುತ್ತಲೇ ಮೇಡಂ ಕಣ್ಣೊರೆಸಿಕೊಂಡರು.

ಹುಲಿಗೆಮ್ಮ ಪಾಸಾದಳು. ಎಷ್ಟು ಅಂಕ ಬಂದವೆಂಬುದು ಸ್ಟೂಲಿಗೆ ತಿಳಿಯುವ ಸಂಗತಿಯಲ್ಲ. ಈಗ ಯಾವುದೋ ತಾಲ್ಲೂಕಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆಂದು ದ್ಯಾಮವ್ವ ಯಾರಿಗೋ ಹೇಳುತ್ತಿದ್ದಳು.

ನಾನು ಮತ್ತೆ ಪಡಸಾಲೆಗೆ ಹೋಗಲಿಲ್ಲ. ಮುಂದೆ ಹದಿಮೂರು ವರ್ಷ ಮೇಡಂ ಬಲಬದಿಯಲ್ಲೇ ಇದ್ದೆ. ಎಷ್ಟೋ ಜನ ಕೂತರು. ತುದಿಯಲ್ಲಿ ಕೂತವರು, ಹಿಂದೆ ಸರಿದವರು. ಕೆಲವರು ಮೇಡಂ ಮಾತಿಗೆ ಎದುರು ಮಾತಾಡಿದರು, ಮೇಡಂ ಸೋತ ದಿನಗಳೂ ಇದ್ದವು. ಎಲ್ಲರೂ ಗೆದ್ದರೆಂದು ಹೇಳಲಾರೆ. ಒಬ್ಬಳು ಎರಡು ತಿಂಗಳು ಬಂದು ಬಿಟ್ಟುಹೋದಳು. ಅವಳ ಕರಡನ್ನು ಮೇಡಂ ಬಹಳ ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ನಿವೃತ್ತಿಯ ದಿನ ನನ್ನನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದರು. ಹೊಟ್ಟೆಯ ಕೆಳಗಿನ ಸಂಖ್ಯೆ ತೋರಿಸಿ ವಾಲೀಕಾರ ಆಗದೆಂದ. ಮೇಡಂ ಒಂದು ಸಲ ನನ್ನ ಮೇಲೆ ತಾವೇ ಕೂತರು. ಅದೇ ಮೊದಲು, ಅದೇ ಕೊನೆ. ಅಲ್ಲಿಂದ ತಲೆಯೆತ್ತಿ ತಮ್ಮ ಖಾಲಿ ಕುರ್ಚಿಯನ್ನು ನೋಡಿ, "ಇಷ್ಟು ಎತ್ತರ ಕಾಣತಿತ್ತೇನು?" ಎಂದರು. ಆಮೇಲೆ ಎದ್ದು ಹೋದರು.

ಈಗ ನನ್ನ ಒಂದು ಕಾಲು ಬಿರುಕು ಬಿಟ್ಟಿದೆ. ಯಾರನ್ನೂ ಕೂರಿಸಿಕೊಳ್ಳಲಾರೆ. ವಿಭಾಗದ ಓದುಕೋಣೆಯ ಮೂಲೆಯಲ್ಲಿ ನಿಂತಿದ್ದೇನೆ. ಅಲ್ಲಿನ ಅಧ್ಯಾಪಕರು ತಿದ್ದಿದ ಪ್ರಬಂಧಗಳನ್ನು ಸೋಮವಾರ ಬೆಳಿಗ್ಗೆ ನನ್ನ ಮೇಲೆ ಇಡುತ್ತಾರೆ. ಹುಡುಗರು, ಹುಡುಗಿಯರು ಬಂದು ತಮ್ಮ ತಮ್ಮದನ್ನು ಎತ್ತಿಕೊಳ್ಳುತ್ತಾರೆ. ಕೆಲವರು ಅಲ್ಲೇ ನಿಂತು ಓದುತ್ತಾರೆ. ಕೆಲವರು ಪುಟ ತಿರುವುತ್ತ ನೇರವಾಗಿ ಅಧ್ಯಾಪಕರ ಬಾಗಿಲಿಗೆ ನಡೆಯುತ್ತಾರೆ, ಕೇಳಲು ಅಥವಾ ಜಗಳವಾಡಲು.

ಸಂಜೆಯ ಹೊತ್ತಿಗೆ ನನ್ನ ಮೇಲೆ ಒಂದೂ ಕಾಗದ ಉಳಿದಿರುವುದಿಲ್ಲ. ದಾಸ್ತಾನು ಕೋಣೆಯಲ್ಲಿದ್ದಾಗ ಖಾಲಿಯಾಗಿರುವುದೆಂದರೆ ಸಾವೆಂದುಕೊಂಡಿದ್ದೆ. ಈ ಖಾಲಿ ಅಂಥದ್ದಲ್ಲ. ಅವರವರದನ್ನು ಅವರವರಿಗೆ ಕೊಟ್ಟಾಗಿದೆ, ಕಾಯುವವರು ಯಾರೂ ಇಲ್ಲ. ದೀಪ ಆರಿಸಿ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ನಾನು ನಾಲ್ಕು ಮೋಟುಕಾಲುಗಳ ಮೇಲೆ ಹಗುರಾಗಿ ನಿಂತಿರುತ್ತೇನೆ.